ಖಾಲಿ ವಿಮಾನದ ಮರಳು

೨೦೧೫ರ ಅಕ್ಟೋಬರ್ ೨೪, ಶನಿವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ಭಾರ ನಿಯಂತ್ರಣದ ಕೋಣೆಯಲ್ಲಿ ಅವಳು ಮೂರನೆಯ ಸಲ ಕುರ್ಚಿಯಿಂದೆದ್ದು ಕಿಟಕಿಯವರೆಗೆ ಹೋಗಿ ಬಂದು ಮತ್ತೆ ಕೂತಳು. ಪರದೆಯ ಮೇಲೆ ಆರು ನಲವತ್ತರ ವಿಮಾನದ ಹಾಳೆ ತೆರೆದೇ ಇತ್ತು. ಪ್ರಯಾಣಿಕರು ಸೊನ್ನೆ. ಸಾಮಾನು ಸೊನ್ನೆ. ಅಂಚೆ ಸೊನ್ನೆ. ಮುಂಭಾಗದ ಸರಕಿನ ಕೋಣೆಯಲ್ಲಿ ಮರಳು, ಅರವತ್ತು ಚೀಲ, ತಲಾ ಇಪ್ಪತ್ತು ಕಿಲೋ.

ವಿಮಾನ ಎಷ್ಟು ಭಾರವಾಗಿದೆ ಎನ್ನುವುದಷ್ಟೇ ಸಾಲದು, ಆ ಭಾರ ಎಲ್ಲಿ ಕೂತಿದೆ ಎನ್ನುವುದು ಗೊತ್ತಿರಬೇಕು. ಅದನ್ನು ಲೆಕ್ಕ ಹಾಕಿ ಸಹಿ ಮಾಡುವುದು ಅವಳ ಕೆಲಸ. ಹದಿನಾರು ವರ್ಷಗಳಿಂದ ಅದನ್ನೇ ಮಾಡಿ ಮಾಡಿ ವಿಮಾನ ನಿಲ್ದಾಣದಲ್ಲೆಲ್ಲ ಅವಳಿಗೆ 'ತಕ್ಕಡಿ ಮೇಡಂ' ಎಂಬ ಹೆಸರು ನಿಂತುಬಿಟ್ಟಿತ್ತು. ಈ ಮಾದರಿಯ ವಿಮಾನಕ್ಕೆ ಎಂಜಿನ್ನುಗಳಿರುವುದು ಬಾಲದ ಹತ್ತಿರ. ಜನ ತುಂಬಿದ್ದರೆ ಸರಿ. ಖಾಲಿ ಹೋದರೆ ಬಾಲ ತೂಗಿ ಮೂತಿ ಹಗುರಾಗುತ್ತದೆ, ಪೈಲಟ್ಟಿನ ಹಿಡಿತಕ್ಕೆ ಬಗ್ಗುವುದಿಲ್ಲ. ಅದಕ್ಕೇ ಮೂತಿಯ ಕಡೆ ಮರಳು ಹೇರಬೇಕು.

ಖಾಲಿ ವಿಮಾನ ಯಾಕೆ ಹೋಗಬೇಕು ಎಂದು ಹೊರಗಿನವರು ಕೇಳಿದರೆ ಅವಳು ಮಾತು ಬದಲಿಸುತ್ತಿದ್ದಳು. ಬೆಳಗಿನ ಆ ಹೊತ್ತಿಗೆ ಹೊರಡುವ ಹಕ್ಕು, ವಿಮಾನದವರ ಬಾಯಲ್ಲಿ ಸ್ಲಾಟ್, ಚಿನ್ನದಂಥದ್ದು. ಆ ಹೊತ್ತಿಗೆ ಹೊರಟವನು ಕೆಲಸ ಮುಗಿಸಿ ಸಂಜೆಗೆ ಮನೆ ಸೇರಬಹುದು. ನಿಯಮದ ಪ್ರಕಾರ, ಒಂದು ಋತುವಿನಲ್ಲಿ, ಅಂದರೆ ವರ್ಷಕ್ಕೆರಡು ಸಲ ಬದಲಾಗುವ ವೇಳಾಪಟ್ಟಿಯಲ್ಲಿ, ಸಿಕ್ಕ ದಿನಗಳಲ್ಲಿ ನೂರಕ್ಕೆ ಎಂಬತ್ತನ್ನಾದರೂ ಬಳಸಬೇಕು. ಬಳಸದಿದ್ದರೆ ಸ್ಲಾಟ್ ಸಾಲಿನಲ್ಲಿ ಕಾಯುತ್ತಿರುವ ಮುಂದಿನವರಿಗೆ. ಅವಳ ಕಂಪನಿ ದೇಶದ್ದೇ ವಿಮಾನ ಸಂಸ್ಥೆ, ವರ್ಷಗಳಿಂದ ನಷ್ಟದಲ್ಲಿ ತೇಲುತ್ತ ಮುಳುಗುತ್ತ ಇತ್ತು. ಬೆಳಗಿನ ಆ ದಾರಿಯನ್ನು ಜನ ಮರೆತುಬಿಡುವಷ್ಟು ಸಲ ಅದು ವಿಮಾನ ರದ್ದು ಮಾಡಿತ್ತು. ಆದರೂ ಸ್ಲಾಟ್ ಬಿಟ್ಟುಕೊಡಲು ಮನಸ್ಸಿಲ್ಲ. ಸರ್ಕಾರ ಕೊಟ್ಟ ನೆರವಿನ ಹಣದಲ್ಲಿ ಇಂಧನ ತುಂಬಿಸಿ, ಮರಳು ಹೇರಿ, ತಿಂಗಳುಗಟ್ಟಲೆ ಖಾಲಿ ಹಾರಿಸಿತ್ತು. ಇಂದು ಋತುವಿನ ಕೊನೆಯ ದಿನ. ಇದೊಂದು ಹೋದರೆ ಎಂಬತ್ತು ತುಂಬುತ್ತದೆ, ಹೋಗದಿದ್ದರೆ ಇಲ್ಲ.

ಸಾಲಿನಲ್ಲಿ ಕಾಯುತ್ತಿದ್ದ ಮುಂದಿನವರು ಎರಡೇ ವಿಮಾನಗಳ ಒಂದು ಸಣ್ಣ ಕಂಪನಿ. ಅದರ ಹಾರಾಟವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವಳ ತಮ್ಮ.

ಹಿಂದಿನ ಸಂಜೆ ಊಟದ ಮೇಜಿನಲ್ಲಿ ಅವನು ತಟ್ಟೆಯಿಂದ ಮುಖ ಎತ್ತದೆ ಕೇಳಿದ್ದ: "ನಾಳೆನೂ ಮರಳು ಹಾರಿಸ್ತೀರಾ ಅಕ್ಕಾ?"

"ಹಾರಿಸ್ತೀವಿ."

"ಕಿಟಕಿ ಪಕ್ಕ ಕೂರಿಸ್ತೀರೋ, ನಡುವಿನ ಸೀಟೋ?"

ಅಮ್ಮ ಕಿಸಕ್ಕನೆ ನಕ್ಕು, ಮಗಳ ಮುಖ ನೋಡಿ ನೀರಿನ ಲೋಟ ಎತ್ತಿಕೊಂಡಳು.

"ನಿಮಗೇನು ಬಿಡು," ಅಂದ ತಮ್ಮ. "ಸರ್ಕಾರ ಅಂದ್ರೆ ನಿಮಗೆ ತವರುಮನೆ. ಎಣ್ಣೆ ಮುಗೀತು ಅಂತ ಅತ್ತರೆ ಸಾಕು, ಅಪ್ಪ ಡಬ್ಬ ತುಂಬಿಸಿ ಕಳಿಸ್ತಾನೆ. ನಾವು ತಬ್ಬಲಿಗಳು."

"ಗುಡ್ಡದ ಊರಿನ ಆಸ್ಪತ್ರೆಗೆ ರಕ್ತ ಯಾರು ಒಯ್ತಾರೆ? ನೀವಾ? ಆ ದಾರೀಲಿ ಅರ್ಧ ಸೀಟೂ ತುಂಬಲ್ಲ. ಆ ನಷ್ಟಕ್ಕೆ ಕೊಡ್ತಾರೆ ಸರ್ಕಾರದೋರು."

"ಕೊಡ್ಲಿ, ಯಾರು ಬೇಡ ಅಂದ್ರು? ಟೆಂಡರ್ ಕರೀಲಿ, ನಾವೂ ಹೋಗ್ತೀವಿ ಗುಡ್ಡಕ್ಕೆ. ಆದ್ರೆ ರಕ್ತ ಹೊರೋಕೆ ಅಂತ ಕೊಟ್ಟ ದುಡ್ಡಲ್ಲಿ ಮರಳು ಹೊರೋದು ಯಾವ ದೇಶಸೇವೆ? ತಾನೂ ತಿನ್ನ, ಪರರಿಗೂ ಕೊಡ! ಓಟದ ಪಂದ್ಯ ಅಂದ್ಮೇಲೆ ಎಲ್ಲರೂ ಸ್ವಂತ ಕಾಲಲ್ಲಿ ಓಡ್ಬೇಕಪ್ಪ. ಒಬ್ಬನ್ನ ಮಾತ್ರ ಅಪ್ಪ ಹೆಗಲ ಮೇಲೆ ಕೂರಿಸ್ಕೊಂಡು ಓಡಬಾರದು."

ಊಟ ಮುಗಿಸಿ ತಮ್ಮ ಎದ್ದ. ಮನೆಯ ಮೇಲಿನ ಅಂತಸ್ತೇ ಅವನದು. ಮೆಟ್ಟಿಲು ಹತ್ತುತ್ತ ಒಂದು ಕ್ಷಣ ನಿಂತ. ಆಗ ಅವನ ದನಿಯಲ್ಲಿ ಲೇವಡಿ ಇರಲಿಲ್ಲ.

"ಬೆಳಗಿನ ಹೊತ್ತು ಸಿಗದಿದ್ರೆ ಬರೋ ತಿಂಗಳು ಬಾಗಿಲು ಹಾಕ್ತೀವಿ ಅಕ್ಕ. ಎಪ್ಪತ್ತು ಜನ ಬೀದಿಗೆ."

ಬೇರೇನೂ ಹೇಳಲಿಲ್ಲ, ಕೇಳಲೂ ಇಲ್ಲ. ಕೇಳದೆ ಹೋದದ್ದೇ ರಾತ್ರಿಯಿಡೀ ಅವಳ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಈಗ ಹಾಳೆಗೆ ಸಹಿ ಹಾಕಿದರೆ ಅವಳ ಪಾಲಿನ ಕೆಲಸ ಮುಗಿಯಿತು. ವಿಮಾನದ ಬಳಿಗೆ ಹೋಗಲೇಬೇಕೆಂದೇನೂ ಇಲ್ಲ. ಆದರೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ, ಚೇಳು ಕುಟುಕಿದವಳ ಹಾಗೆ. ಹೊಳೆಯುವ ಹಳದಿ ಅಂಗಿ ತೊಟ್ಟು ಹೊರಬಿದ್ದಳು.

ಹೊರಗೆ ಆಗಷ್ಟೇ ಬೆಳಕು ಹರಿಯುತ್ತಿತ್ತು. ವಿಮಾನದ ಮೂತಿಯ ಬಳಿ ಚೀಲಗಳ ಗಾಡಿ ನಿಂತಿತ್ತು. ಸರಕು ಹೇರುವವರ ಮೇಸ್ತ್ರಿ ಕೈಗವಸು ಹಾಕಿಕೊಳ್ಳುತ್ತಿದ್ದ. ಗಾಡಿಯಿಂದ ಹಿಂದಕ್ಕೆ, ಗೋದಾಮಿನ ದಿಕ್ಕಿನಲ್ಲಿ, ಸಿಮೆಂಟಿನ ನೆಲದ ಮೇಲೆ ಬೆರಳಿನಿಂದ ಎಳೆದಂತೆ ಒಂದು ತೆಳ್ಳನೆಯ ಮರಳಿನ ಗೆರೆ.

ಅವಳು ಮೇಲಿನ ಚೀಲವೊಂದನ್ನು ಎರಡೂ ಕೈಯಲ್ಲಿ ಎತ್ತಿದಳು. ಅದು ನಡುವಿನಲ್ಲಿ ಜೋತುಬಿತ್ತು. ಹೊಲಿಗೆಯಿಂದ ಮರಳು ಸುರಿದು ಅವಳ ಚಪ್ಪಲಿಯೊಳಗೆ ಇಳಿಯಿತು.

"ಇದು ಇಪ್ಪತ್ತು ಕಿಲೋನಾ?"

"ಅಲ್ಲೇ ಬರೆದೈತಲ್ಲ ಮೇಡಂ, ದಪ್ಪಕ್ಷರದಲ್ಲಿ," ಅಂದ ಮೇಸ್ತ್ರಿ.

"ಯಾವಾಗ ತೂಗಿದ್ದು?"

"ತುಂಬಿಸಿದಾಗ. ಆಮೇಲೆ ಯಾರು ತೂಗ್ತಾರೆ? ಮರಳೇನು ಉಪವಾಸ ಮಾಡುತ್ತಾ ಸಣ್ಣಗಾಗೋಕೆ?" ಎಂದು ನಕ್ಕವನು ನೆಲದ ಗೆರೆಯನ್ನು ಕಂಡು ನಗು ನಿಲ್ಲಿಸಿದ. "ಹೊಸ ಚೀಲ ಕೇಳಿ ಆಯ್ತು ಮೇಡಂ, ಮೂರು ಸಲ. ನೆರವಿನ ಷರತ್ತಂತೆ, ಹೊಸದೇನು ಕೊಳ್ಳೋದಿದ್ರೂ ಮಂತ್ರಾಲಯದಿಂದ ಒಪ್ಪಿಗೆ ಬರ್ಬೇಕಂತೆ."

ಇಂಧನಕ್ಕೆ ಹಣ ಬರುತ್ತದೆ, ಚೀಲಕ್ಕೆ ಬರುವುದಿಲ್ಲ. ಪ್ರತಿ ಬೆಳಿಗ್ಗೆ ಇವೇ ಚೀಲಗಳು ಹೋಗಿವೆ, ಇವೇ ಮರಳಿ ಬಂದಿವೆ. ಅವಳು ದಿನವೂ 'ತಲಾ ಇಪ್ಪತ್ತು' ಎಂದು ಸಹಿ ಹಾಕಿದ್ದಾಳೆ.

ಇದನ್ನು ತಡೆಯಬೇಕು ಎನ್ನಿಸಿದ ಮರುಕ್ಷಣವೇ ಇನ್ನೊಂದು ಯೋಚನೆ ಬಂತು: ಇಂದೇ ಯಾಕೆ ಬಂದೆ ಇಲ್ಲಿಗೆ? ನಿನ್ನೆ ಬರಲಿಲ್ಲ, ಮೊನ್ನೆ ಬರಲಿಲ್ಲ. ಇಂದು ತಡವಾದರೆ ಯಾರಿಗೆ ಲಾಭ ಎಂದು ಊರಿಗೇ ಗೊತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನೆನಪಾಯಿತು. ಇವಳ ಹೆಗಲ ಮೇಲೆ ಬೂದಿ ಇದೆಯೋ ಇಲ್ಲವೋ, ಇವಳಿಗೇ ತಿಳಿಯುತ್ತಿರಲಿಲ್ಲ. ಸುಮ್ಮನೆ ಬಿಟ್ಟರೆ? ಆಗ ತಮ್ಮನ ಪಕ್ಷ ವಹಿಸಲಿಲ್ಲ ಎಂದು ತೋರಿಸಿಕೊಳ್ಳಲು ಇಬ್ಬರು ಪೈಲಟ್‌ಗಳನ್ನು ಅಪಾಯಕ್ಕೆ ಕಳಿಸಿದ ಹಾಗೆ. ಅತ್ತ ದರಿ, ಇತ್ತ ಪುಲಿ.

ವಾಕಿ-ಟಾಕಿಯಲ್ಲಿ ಪಾಳಿಯ ವ್ಯವಸ್ಥಾಪಕರನ್ನು ಕರೆದಳು. ಏನು ಕೇಳಿದರೂ 'ಐದ್ನಿಮಿಷ' ಎನ್ನುವ ಅವರಿಗೆ ಕಚೇರಿಯಲ್ಲಿ ಅದೇ ಅಡ್ಡಹೆಸರು. ಇವತ್ತು ಐದ್ನಿಮಿಷ ಸಾಹೇಬರು ಎರಡೇ ನಿಮಿಷದಲ್ಲಿ ಓಡಿಬಂದರು.

"ಚೀಲ ಹಗುರಾಗಿವೆಯಾ? ಹಾಗಾದ್ರೆ ಇನ್ನಷ್ಟು ಭಾರ ಹಾಕಿ. ನನ್ನ ಮೇಜು ಹಾಕಿ, ಬೀರು ಹಾಕಿ!"

"ತೂಗದೆ ಏನನ್ನೂ ಹಾಕೋ ಹಾಗಿಲ್ಲ ಸರ್. ಕಟ್ಟಿ ನಿಲ್ಲಿಸೋಕೆ ಬಲೆಯೂ ಬೇಕು."

"ಬೆಂಕಿ ಬಕೆಟ್‌ನಲ್ಲಿ ಮರಳೈತೆ," ಅಂದ ಮೇಸ್ತ್ರಿ.

"ಬೆಂಕಿ ಬಿದ್ರೆ ನಿನ್ನನ್ನ ಸುರಿಯೋದಾ?" ಎಂದು ಸಾಹೇಬರು ಗದರಿದರು. ಆಮೇಲೆ ಅವರ ಮುಖ ಅರಳಿತು. "ಮನುಷ್ಯರನ್ನೇ ಕೂರಿಸೋಣ! ಮೇಸ್ತ್ರಿ, ನಿನ್ನ ಹನ್ನೆರಡು ಜನಾನ ಮುಂದಿನ ಸಾಲಲ್ಲಿ ಕೂರಿಸು. ಹೋಗಿ ಬರ್ಲಿ, ಪುಕ್ಕಟೆ ಪ್ರವಾಸ."

ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಕ್ಯಾಪ್ಟನ್ ತಲೆಯಾಡಿಸಿದ. "ಗಗನಸಖಿಯರಿಲ್ಲದೆ ಒಬ್ಬರನ್ನೂ ಹತ್ತಿಸಲ್ಲ ಸಾರ್. ಖಾಲಿ ವಿಮಾನ ಅಂತ ನಮ್ಮಿಬ್ಬರನ್ನೇ ಕಳಿಸಿದೀರಿ. ತೂಕ ಸರಿ ಇದೆ ಅಂತ ಮೇಡಂ ಹೇಳಿದ್ರೆ ಹಾರ್ತೀನಿ. ಇಲ್ಲಾಂದ್ರೆ ಇಲ್ಲ."

ಎಲ್ಲರೂ ಅವಳತ್ತ ನೋಡಿದರು. ಸಾಹೇಬರು ದನಿ ತಗ್ಗಿಸಿದರು. "ನಿಮ್ಮ ತಮ್ಮ ಆ ಕಂಪನೀಲಿ ಇರೋದಲ್ವಾ?"

"ಹೌದು ಸರ್. ಎಲ್ಲರಿಗೂ ಗೊತ್ತು."

"ಮಂತ್ರಾಲಯಕ್ಕೂ ಗೊತ್ತಾಗುತ್ತೆ. ನೋಡಿ, ತೂಕ ನಿಜಕ್ಕೂ ಕಡಿಮೆ ಇದ್ರೆ ನಾನೇ ನಿಮ್ಮ ಪರ ನಿಲ್ತೀನಿ. ಸಾಕಷ್ಟಿದ್ದೂ ವಿಮಾನ ನಿಲ್ಲಿಸಿದ್ರಿ ಅಂತಾದ್ರೆ ಅಕ್ಕ-ತಮ್ಮನ ಪಿತೂರಿ ಅಂತ ದೂರು ಹೋಗುತ್ತೆ. ನಿಮ್ಮ ಕೆಲಸವೂ ಹೋಯ್ತು, ಅವರಿಗೆ ಸಿಗೋ ಸ್ಲಾಟೂ ಹೋಯ್ತು."

ಆಗ ಅವಳ ಹೆದರಿಕೆಗೂ ಒಂದು ಆಕಾರ ಸಿಕ್ಕಿದಂತಾಯಿತು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಲಿತ ಮೊದಲ ಪಾಠವೇ ಅದು: ಉತ್ತರ ಏನಾಗಿದ್ದರೆ ಏನು ಮಾಡುತ್ತೇನೆ ಎಂದು ಅಳೆಯುವ ಮುಂಚೆಯೇ ಹೇಳಿಬಿಡು, ಅಳೆದ ಮೇಲೆ ಮನಸ್ಸು ಜಾಣತನ ಮಾಡುತ್ತದೆ. ಅವಳು ಕ್ಯಾಪ್ಟನ್ನಿನ ಎದುರಿಗೇ ಲೆಕ್ಕ ಹಾಕಿದಳು. ಎರಡು ಸಲ ಹಾಕಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಚೀಲದ ಸರಾಸರಿ ಹದಿನೇಳೂವರೆ ಕಿಲೋ ಇದ್ರೆ ಹೋಗಬಹುದು. ಅದಕ್ಕಿಂತ ಕಡಿಮೆ ಆದ್ರೆ ಇಲ್ಲ. ತೂಗೋಣ."

"ಎಷ್ಟು ಹೊತ್ತು ಬೇಕು?"

"ಅರವತ್ತೂ ತೂಗೋಕೆ ಒಂದು ಗಂಟೆ."

"ಏಳೂ ಹತ್ತರೊಳಗೆ ಚಕ್ರ ಕದಲದಿದ್ರೆ ಇವತ್ತಿನ ದಿನ ಲೆಕ್ಕಕ್ಕಿಲ್ಲ!" ಸಾಹೇಬರು ಗಡಿಯಾರ ತೋರಿಸಿದರು. "ಹತ್ತು ತೂಗಿ. ಬೇಗ!"

ಗೋದಾಮಿನ ತಕ್ಕಡಿ ದೂರ. ಹತ್ತಿರ ಇದ್ದದ್ದು ಪ್ರಯಾಣಿಕರ ಸಾಮಾನು ತೂಗುವ ಕೌಂಟರ್. ಅವಳೇ ಗಾಡಿಯ ಮೇಲಿಂದ ಹತ್ತು ಚೀಲ ಎಳೆದು ಕೈಬಂಡಿಗೆ ಹಾಕಿದಳು, ಇಬ್ಬರು ತಳ್ಳಿದರು, ಅವಳು ಮುಂದೆ ಓಡಿದಳು. ಕೌಂಟರಿನ ಹುಡುಗಿ ಎದ್ದು ನಿಂತು ಬೆರಗಿನಿಂದ ನೋಡಿದಳು. ತಿಂಗಳುಗಳಿಂದ ಆ ಹೊತ್ತಿಗೆ ಅವಳ ಕೌಂಟರಿಗೆ ಯಾರೂ ಬಂದಿರಲಿಲ್ಲ.

"ಎಲ್ಲಿಗೆ ಟಿಕೆಟ್ಟು?" ಎಂದಳು, ಚೀಲವನ್ನು ನೋಡುತ್ತ.

ಯಾರೂ ನಗಲಿಲ್ಲ. ಒಂದೊಂದು ಚೀಲ ಬೆಲ್ಟಿನ ಮೇಲೆ ಕೂತಿತು. ಸಾಹೇಬರು ಅಂಕಿಗಳನ್ನು ಕೂಗಿ ಓದಿದರು, ಮೊದಮೊದಲು ಜೋರಾಗಿ, ಆಮೇಲೆ ಮೆತ್ತಗೆ. ಹತ್ತರ ಸರಾಸರಿ ಹದಿನಾರು ಕಿಲೋ ಒಂಬೈನೂರು ಗ್ರಾಂ.

"ಹೋಗೋ ಹಾಗಿಲ್ಲ," ಅಂದಳು.

ಸಾಹೇಬರು ಕೌಂಟರಿಗೆ ಒರಗಿ ನಿಂತು ಕನ್ನಡಕ ತೆಗೆದು ಒರೆಸಿದರು. ಬೈಯಲಿಲ್ಲ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡಿ," ಎಂದಷ್ಟೇ ಹೇಳಿ ಹೊರಟರು. ಏಳೂ ಹತ್ತು ಸುಮ್ಮನೆ ಕಳೆದುಹೋಯಿತು. ಕ್ಯಾಪ್ಟನ್ ಟೋಪಿ ಕಂಕುಳಲ್ಲಿಟ್ಟುಕೊಂಡು ಅವಳ ಪಕ್ಕದಲ್ಲೇ ಹಾದು, "ಥ್ಯಾಂಕ್ಸ್ ಮೇಡಂ," ಅಂದ. ಸರಕು ಹೇರುವವರಲ್ಲಿ ಯಾರೋ ಹಿಂದಿನಿಂದ, "ರಕ್ತ ನೀರಿಗಿಂತ ಗಟ್ಟಿ, ಮರಳಿಗಿಂತಲೂ ಗಟ್ಟಿ," ಅಂದದ್ದು ಕೇಳಿಸಿತು.

ಸುದ್ದಿಗೆ ರೆಕ್ಕೆ ಬೇಕಿಲ್ಲ. ಎಂಟರ ಹೊತ್ತಿಗೆ ತಮ್ಮನ ಫೋನ್ ಬಂತು.

"ಅಕ್ಕಾ!" ಅವನು ಅಳುತ್ತಿದ್ದಾನೆಂದು ಅವಳಿಗೆ ತಿಳಿಯಿತು. "ನಿನ್ನ ಋಣ ಈ ಜನ್ಮದಲ್ಲಿ ತೀರಿಸೋಕಾಗಲ್ಲ."

"ನನ್ನ ಋಣ ಯಾವುದೂ ಇಲ್ಲ. ಚೀಲ ಸವೆದಿದ್ವು. ತೂಗಿದ್ವಿ, ಕಡಿಮೆ ಬಂತು."

"ಆಯ್ತಾಯ್ತು. ಗೊತ್ತಾಯ್ತು."

"ಏನು ಗೊತ್ತಾಯ್ತು?"

"ಫೋನಲ್ಲಿ ಬೇಡ ಅಕ್ಕ. ಸಂಜೆ ಮಾತಾಡೋಣ."

"ಏಯ್, ಮಾತಾಡೋಕೆ ಏನಿದೆ? ನಾನು ನಿನಗೋಸ್ಕರ ಮಾಡಿದ್ದಲ್ಲ!"

"ಹಾಗೇ ಹೇಳ್ಬೇಕು. ಯಾರು ಕೇಳಿದ್ರೂ ಹಾಗೇ ಹೇಳು," ಅಂದ ತಮ್ಮ ಮೆಚ್ಚುಗೆಯಿಂದ. "ಏನೇ ಅನ್ನು, ನಮ್ಮೋರು ಅಂತ ಒಬ್ರು ಇರ್ಬೇಕು."

ಅವಳಿಗೆ ಮೈಯೆಲ್ಲ ಉರಿಯಿತು. "ನಿನ್ನೆ ಸ್ವಂತ ಕಾಲಲ್ಲಿ ಓಡ್ಬೇಕು ಅಂತಿದ್ದೆಯಲ್ಲೋ?" ಎಂದಳು. ಅವನು ನಗುತ್ತಲೇ ಫೋನ್ ಇಟ್ಟಿದ್ದ.

ಸಾಹೇಬರಿಗಿಂತ, ಗೊಣಗಿದ ಕೂಲಿಯವನಿಗಿಂತ, ತಮ್ಮನ ಈ ಕೃತಜ್ಞತೆಯೇ ಅವಳನ್ನು ಹೆಚ್ಚು ಕೆಣಕಿತು. ಪಾಳಿ ಮುಗಿದಿತ್ತು. ತನ್ನ ಕೈಚೀಲ ಎತ್ತಿಕೊಂಡು ಮನೆಗೆ ಹೊರಟವಳು ಬಾಗಿಲಲ್ಲಿ ನಿಂತಳು. ಉಳಿದ ಐವತ್ತೂ ಇಷ್ಟೇ ಹಗುರ ಎಂದು ತೋರಿಸಿಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತದೆ. ತನ್ನೊಳಗಿನ ಬಾಯಿಯೂ.

ಮೇಸ್ತ್ರಿ ಗೊಣಗುತ್ತಲೇ ಗಾಡಿಯನ್ನು ಕೌಂಟರಿಗೆ ತಂದ. "ಹೆಣ ಸುಟ್ಟ ಮೇಲೆ ನಾಡಿ ಹಿಡಿದಂಗಾಯ್ತು ಮೇಡಂ."

ಎರಡನೆಯ ಪದರದ ಚೀಲಗಳು ಕೂತವು. ಅಂಕಿಗಳನ್ನು ಅವಳೇ ಓದಿ ಬರೆದುಕೊಂಡಳು. ಇವು ಅಷ್ಟು ಹಗುರ ಇರಲಿಲ್ಲ. ಮೂರನೆಯ ಪದರ ಇನ್ನೂ ಗಟ್ಟಿ. ತಳದ ಕೆಲವಕ್ಕೆ ಹೊಲಿಗೆಯೇ ಬಿಟ್ಟಿರಲಿಲ್ಲ.

"ಇವೆಲ್ಲ ಯಾಕೆ ಸವೆದಿಲ್ಲ?" ಎಂದು ಕೇಳಿದಳು.

"ಯಾಕೆ ಅಂದ್ರೆ?" ಮೇಸ್ತ್ರಿ ಬೆವರು ಒರೆಸಿಕೊಂಡ. "ಮೇಲಿನವು ಮೊದಲು ಒಳಗೆ ಹೋಗ್ತವೆ, ಕಟ್ಟಕಡೇ ಮೂಲೆಗೆ. ಅಲ್ಲಿ ನಿಲ್ಲೋಕೂ ಆಗಲ್ಲ, ಕೂತ್ಕೊಂಡು ಎಳೀಬೇಕು. ನೆಲ ಉಜ್ಜಿ ಉಜ್ಜಿ ಹರೀತವೆ. ಇಳಿಸೋವಾಗ ಅವೇ ಕೊನೇಲಿ ಬರ್ತವೆ, ಮತ್ತೆ ಅವೇ ಮೇಲೆ ಕೂರ್ತವೆ. ತಳದವು ಬಾಗಿಲ ಹತ್ರಾನೇ ಇರ್ತವೆ, ರಾಜಕುಮಾರರ ಥರ."

ಮೇಲಿನವು ಯಾವಾಗಲೂ ಮೇಲೆಯೇ. ಒಂದು ಅಗುಳು ಹಿಚುಕಿ ಅನ್ನ ನೋಡುವುದು ಸರಿಯೇ. ಆದರೆ ಎಲ್ಲ ಅಗುಳನ್ನೂ ಪಾತ್ರೆಯ ಮೇಲಿನಿಂದಲೇ ತೆಗೆದರೆ ತಳ ಏನಾಗಿದೆ ಎಂದು ತಿಳಿಯುವುದು ಹೇಗೆ? ಪದರಕ್ಕೆರಡರಂತೆ ತೆಗೆಯಬೇಕಿತ್ತು. ಕಾಲೇಜಿನ ಎರಡನೆಯ ವರ್ಷದ ಹುಡುಗಿಗೂ ಗೊತ್ತಿರುವ ಮಾತು. ಬೇಗ, ಬೇಗ ಎಂದಿದ್ದರು ನಿಜ. ಕೈಗೆ ಸಿಕ್ಕವನ್ನು ಎಳೆದೆ ಎಂಬುದೂ ನಿಜ. ಆದರೆ ಮೊದಲು ಎತ್ತಿ ನೋಡಿದ್ದು ಮೇಲಿನ ಚೀಲವನ್ನೇ. ಅವು ಜೋತುಬಿದ್ದಿವೆ ಎಂದು ಆಗಲೇ ಕೈಗೆ ಗೊತ್ತಿತ್ತು. ಅವನ್ನು ಆರಿಸಿಕೊಂಡದ್ದು ಆತುರವೋ, ಅಕ್ಕತನವೋ? ಎಷ್ಟು ಕೆದಕಿದರೂ ಉತ್ತರ ಸಿಗಲಿಲ್ಲ. ಅದನ್ನು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ.

ಕೊನೆಯ ಚೀಲ ಇಳಿಯಿತು. ಮೇಸ್ತ್ರಿಗೆ ಲೆಕ್ಕ ಬೇಕಿರಲಿಲ್ಲ, ತಿಂಡಿಗೆ ಹೊತ್ತಾಗಿತ್ತು. ಅವನು ಹೋದ. ಕೌಂಟರಿನ ಹುಡುಗಿಯೂ ಹೋಗಿದ್ದಳು. ಅಂಕಿಗಳು ಗೊತ್ತಿದ್ದದ್ದು ಅವಳೊಬ್ಬಳಿಗೇ. ಸುಮ್ಮನೆ ಮನೆಗೆ ಹೋಗಬಹುದಿತ್ತು. ಮನೆಯಲ್ಲಿ ತಮ್ಮ ಕಾಯುತ್ತಿರುತ್ತಾನೆ, ಅಮ್ಮ ಬಾಗಿಲಲ್ಲೇ ಮುಖ ಸವರಿ ದೃಷ್ಟಿ ತೆಗೆಯುತ್ತಾಳೆ. ಎಪ್ಪತ್ತು ಜನ ಸೋಮವಾರವೂ ಕೆಲಸಕ್ಕೆ ಹೋಗುತ್ತಾರೆ. ಅವಳು ಹೊರಬಾಗಿಲವರೆಗೆ ನಡೆದಳು, ತಿರುಗಿ ಬಂದಳು, ಮತ್ತೆ ನಡೆದಳು. ಆಮೇಲೆ ಐದ್ನಿಮಿಷ ಸಾಹೇಬರಿಗೆ ಫೋನ್ ಮಾಡಿದಳು.

"ಮತ್ತೇನು ಮೇಡಂ?" ಅವರು ದಣಿದಿದ್ದರು. "ಮಂತ್ರಾಲಯದೋರು ಇನ್ನೊಂದು ಫೋನಲ್ಲಿದಾರೆ. ನಿಮ್ಮ ಪರವಾಗೇ ಮಾತಾಡ್ತಿದೀನಿ. ಐದ್ನಿಮಿಷ ಬಿಟ್ಟು ಮಾಡಿ."

"ಬೇಡ ಸರ್, ಈಗಲೇ ಕೇಳಿ. ಉಳಿದವನ್ನೂ ತೂಗಿದೆ."

"ಯಾಕೆ? ಯಾರು ಹೇಳಿದ್ರು ನಿಮಗೆ? ಹದಿನೇಳೂವರೆ ಬೇಕಿತ್ತು, ಬರಲಿಲ್ಲ. ಅಲ್ಲಿಗೆ ಮುಗೀತಲ್ಲ?"

"ಮುಗೀಲಿಲ್ಲ ಸರ್. ನಾನು ತೂಗಿದ ಹತ್ತೂ ಮೇಲಿನ ಪದರದವು. ಅವೇ ಎಲ್ಲಕ್ಕಿಂತ ಹಗುರ."

ಸಾಹೇಬರು ಇನ್ನೊಂದು ಫೋನ್ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, ತೀರ ಮೆಲ್ಲಗೆ: "ಅರವತ್ತಕ್ಕೂ ಸೇರಿಸಿ ಎಷ್ಟು?"

"ಸರಾಸರಿ ಹದಿನೇಳು ಕಿಲೋ ಆರುನೂರು ಗ್ರಾಂ."